ಕೊಳದ ಹಾಳೆ ಕಾಣಬಾರದು, ನೀರೂ ಸೋರಬಾರದು

ತೋಟದಲ್ಲಿ ಕೊಳ ಮಾಡಿಕೊಂಡವರು ನನ್ನನ್ನು ಜಾಸ್ತಿ ಕೇಳುವುದು ಇದೊಂದೇ. ದಿನಾ ನೀರು ಇಳೀತಾ ಇದೆ, ನೀರು ಇಂಗದಿರಲೆಂದು ಕೊಳಕ್ಕೆ ಹಾಸಿದ ರಬ್ಬರ್ ಹಾಳೆ ಎಲ್ಲೋ ತೂತಾಗಿರಬೇಕು, ಏನು ಮಾಡಲಿ? ಸುಮ್ನೆ ಹಾಳೆ ಕೀಳಲು ಹೋಗಬೇಡಿ. ಒಂದು ಬಕೆಟ್ಟಿಗೆ ಕೊಳದ ನೀರು ತುಂಬಿ, ಕೊಳದೊಳಗಿನ ಮೆಟ್ಟಿಲ ಮೇಲೆ ಇಡಿ. ಬಕೆಟ್ಟಿನ ಒಳಗಿನ ನೀರಿಗೆ ಒಂದು ಗುರುತು, ಹೊರಗೆ ಕೊಳದ ನೀರಿಗೆ ಒಂದು ಗುರುತು ಹಾಕಿ. ಒಂದು ದಿನ ಬಿಟ್ಟು ನೋಡಿ. ಎರಡೂ ಒಂದೇ ಸಮ ಇಳಿದಿದ್ದರೆ ಅದು ಬಿಸಿಲು, ಗಾಳಿಗೆ ಆರಿಹೋದ ನೀರು. ಕೊಳದ್ದು ಹೆಚ್ಚು ಇಳಿದಿದ್ದರೆ ಮಾತ್ರ ಸೋರುತ್ತಿದೆ ಎಂದು ಅರ್ಥ.

ಆಗಲೂ ತಳಕ್ಕಿಂತ ಮೊದಲು ಅಂಚನ್ನು ನೋಡಿ. ನನ್ನ ಮೊದಲ ಕೊಳದಲ್ಲಿ ಹಾಳೆಯ ತುದಿಯನ್ನು ಹೊರಕ್ಕೆ ಚಾಚಿ, ಮೇಲೆ ಮಣ್ಣು ಹರಡಿ, ನೀರಿನವರೆಗೂ ಹುಲ್ಲು ಬೆಳೆಸಿದ್ದೆ. ನೋಡಲು ಚೆಂದವಿತ್ತು. ಆದರೆ ಬತ್ತಿ ಎಣ್ಣೆ ಎಳೆಯುವ ಹಾಗೆ ಆ ಮಣ್ಣು ನೀರನ್ನು ಎಳೆದೆಳೆದು ಹೊರಗಿನ ನೆಲಕ್ಕೆ ಕೊಡುತ್ತಿತ್ತು. ಹಾಳೆಯಲ್ಲಿ ಸೂಜಿಮೊನೆಯಷ್ಟೂ ತೂತಿರಲಿಲ್ಲ.

ಅದಕ್ಕೇ ಈಗ ಅಂಚನ್ನು ಬೇರೆ ರೀತಿ ಕಟ್ಟುತ್ತೇನೆ. ಅಗೆಯುವಾಗಲೇ ಸುತ್ತ ಒಂದು ಮೆಟ್ಟಿಲು ಬಿಡಿ. ನೀರಿನ ಮಟ್ಟದಿಂದ 9 ಇಂಚಿನಿಂದ 1 ಅಡಿ ಕೆಳಗೆ ಇರಲಿ, ಕಲ್ಲು ಕೂರುವಷ್ಟು ಅಗಲವಿರಲಿ. ಹಾಳೆ ಹಾಸಿದ ಮೇಲೆ ಆ ಮೆಟ್ಟಿಲಿಗೆ ದಪ್ಪ ಬಟ್ಟೆಯ ತುಂಡು ಹಾಕಿ, ದೊಡ್ಡ ಕಲ್ಲುಗಳನ್ನು ಕೂರಿಸಿ. ಕಲ್ಲು ಅರ್ಧ ನೀರಿನಲ್ಲಿ, ಅರ್ಧ ಮೇಲೆ. ಹಾಳೆಯ ತುದಿ ಕಲ್ಲಿನ ಹಿಂದಿನಿಂದ ನೆಟ್ಟಗೆ ಮೇಲೆ ಬರಬೇಕು. ನೀರಿಗಿಂತ ಎರಡು ಇಂಚು ಎತ್ತರವಾಗಿ, ಹೊರಗಿನ ಮಣ್ಣಿಗೂ ಒಳಗಿನ ನೀರಿಗೂ ನಡುವೆ ಗೋಡೆಯಂತೆ ನಿಲ್ಲಬೇಕು. ಕಲ್ಲುಗಳ ಸಂದಿಗೆ ನುಣುಪು ಕಲ್ಲು ತುಂಬಿ. ಗೋಡೆಯ ಆಚೆ ಗಿಡ ನೆಡಿ, ಅದರ ಎಲೆಗಳೇ ಬಾಗಿ ತುದಿಯನ್ನು ಮುಚ್ಚುತ್ತವೆ. ಬೇಸಿಗೆಯಲ್ಲಿ ನೀರು ಮೂರು ಇಂಚು ಇಳಿದರೂ ಕಾಣುವುದು ಕಲ್ಲು, ಕಪ್ಪು ರಬ್ಬರ್ ಅಲ್ಲ. ಬಿಸಿಲು ನೇರವಾಗಿ ತಾಗದ ಕಾರಣ ಹಾಳೆಯೂ ಜಾಸ್ತಿ ಬಾಳುತ್ತದೆ.

ಸುತ್ತಲೂ ಅಂಚು ಒಂದೇ ಮಟ್ಟದಲ್ಲಿದೆಯಾ ಎಂದು ಹಾಳೆ ಹಾಸುವ ಮೊದಲೇ ನೋಡಿಕೊಳ್ಳಿ. ಕಣ್ಣಳತೆ ನಂಬಬೇಡಿ, ಪಾರದರ್ಶಕ ಪೈಪಿಗೆ ನೀರು ತುಂಬಿ ಮಟ್ಟ ಹಿಡಿಯಿರಿ. ಮಳೆನೀರು ಹರಿದುಹೋಗಲು ಒಂದು ಕಡೆ ಮಾತ್ರ ಅಂಚು ತುಸು ತಗ್ಗಿರಲಿ.

ಹಾಳೆ ಯಾವುದು ಅಂದರೆ, ನನ್ನ ಆಯ್ಕೆ 1 ಮಿಲಿಮೀಟರ್ ದಪ್ಪದ, ಇಪಿಡಿಎಂ ಎಂಬ ಕೃತಕ ರಬ್ಬರ್. ಮೆತ್ತಗಿರುತ್ತದೆ, ತಿರುವುಗಳಿಗೆ ಒಗ್ಗುತ್ತದೆ. ಬಣ್ಣ ಕಪ್ಪೇ ಇರಲಿ. ನೀಲಿ ಹಾಕಿದರೆ ಈಜುಕೊಳದ ಹಾಗೆ ಕಾಣುತ್ತದೆ ಅಲ್ವಾ? ಅಳತೆ ಕಷ್ಟವಲ್ಲ. ಉದ್ದಕ್ಕೆ ಆಳದ ಎರಡು ಪಟ್ಟು ಕೂಡಿಸಿ, ಅಂಚುಗಳಿಗೆಂದು ಇನ್ನೆರಡು ಅಡಿ ಸೇರಿಸಿ. ಅಗಲಕ್ಕೂ ಹೀಗೆಯೇ. ಕೊಳ 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಆಳವಿದ್ದರೆ 16 ಅಡಿಗೆ 12 ಅಡಿ ಹಾಳೆ ಬೇಕು. ಕೆಳಗೆ ದಪ್ಪ ಬಟ್ಟೆ ಹಾಸದೆ ಹಾಳೆ ಬಿಡಿಸಬೇಡಿ. ಬರೀ ಮರಳು ಸಾಲದು, ಇಳಿಜಾರಿನಲ್ಲಿ ಅದು ಜಾರಿಬಿಡುತ್ತದೆ.

ಜೇಡಿಮಣ್ಣು ತುಳಿದು ಮೆತ್ತಿದ ಕೊಳದ ಚೆಲುವೇ ಬೇರೆ, ನನಗೂ ಅದು ಇಷ್ಟ. ಆದರೆ ಅದು ಯಾವಾಗಲೂ ಹಸಿಯಾಗಿರಬೇಕು. ಒಮ್ಮೆ ಒಣಗಿ ಬಿರುಕು ಬಿಟ್ಟರೆ ಮತ್ತೆ ಮೆತ್ತಬೇಕು. ಹತ್ತಿರ ಮರವಿದ್ದರೆ ಬೇರೂ ತೂರಿಕೊಳ್ಳುತ್ತದೆ. ಸಿಮೆಂಟ್ ಕೊಳವಾದರೆ ಮೀನು ಬಿಡುವ ಮುಂಚೆ ಕೆಲವು ಸಲ ನೀರು ತುಂಬಿ ಖಾಲಿ ಮಾಡಿ. ಸಿಮೆಂಟಿನ ಸುಣ್ಣ ನೀರಿಗೆ ಬಿಟ್ಟುಕೊಂಡು ಮೀನಿಗೆ ಕೇಡು ಮಾಡುತ್ತದೆ.

ಒಂದು ಕಡೆ ದಂಡೆಯನ್ನು ಇಳಿಜಾರಾಗಿ ಬಿಟ್ಟು ಸಣ್ಣ ಕಲ್ಲು ಹರಡಿ. ಕಪ್ಪೆ, ಹಕ್ಕಿ, ನೀರಿಗೆ ಬಿದ್ದ ಅಳಿಲು ಎಲ್ಲಕ್ಕೂ ಅದೇ ದಾರಿ.

ನೀರು ನಿಧಾನವಾಗಿ ತುಂಬಿಸಿ. ತುಂಬುತ್ತಾ ಹೋದಂತೆ ನಿರಿಗೆಗಳನ್ನು ಕೈಯಿಂದ ಒಂದೆಡೆ ಸೇರಿಸಿ ದೊಡ್ಡ ಮಡಿಕೆ ಮಾಡಿ. ಚಿಕ್ಕ ಚಿಕ್ಕ ಸುಕ್ಕುಗಳಿಗಿಂತ ಒಂದು ದೊಡ್ಡ ಮಡಿಕೆಯನ್ನು ಕಲ್ಲಿನ ಹಿಂದೆ ಅಡಗಿಸುವುದು ಸುಲಭ. ತುಂಬಿದ ದಿನವೇ ಕತ್ತರಿ ಹಿಡಿಯಬೇಡಿ. ನೀರಿನ ಭಾರಕ್ಕೆ ಮಣ್ಣು ಕುಸಿದು ಹಾಳೆ ಇನ್ನಷ್ಟು ಒಳಕ್ಕೆ ಎಳೆದುಕೊಳ್ಳುತ್ತದೆ. ಒಂದು ವಾರ ಕಾದು, ಅಂಚಿನ ಸುತ್ತ ಒಮ್ಮೆ ನಡೆದು ನೋಡಿ, ಆಮೇಲೆ ಕತ್ತರಿಸಿ.