ಕೋವಿಗೆ ಎಣ್ಣೆ ಕಡಿಮೆ, ಒಣ ಬಟ್ಟೆ ಜಾಸ್ತಿ

ಕೊಡಗಿನಲ್ಲಿ ಕೋವಿ ಹಾಳಾಗುವುದು ಈಡು ಹೊಡೆದು ಹೊಡೆದು ಅಲ್ಲ. ಮಳೆಗೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜುಲೈ-ಆಗಸ್ಟ್ ನಡುವಿನ ಕಕ್ಕಡ ತಿಂಗಳಲ್ಲಿ ಬೀರುವಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ, ಬೆಂಕಿಕಡ್ಡಿ ಗೀರಿದರೆ ಹತ್ತುವುದಿಲ್ಲ. ಕೋವಿಯೂ ಅದೇ ಮನೆಯಲ್ಲಿ, ಅದೇ ಗಾಳಿಯಲ್ಲಿ ಇರುತ್ತದೆ. ನಾಟಿ ಕೆಲಸ ಮುಗಿದು ಸೆಪ್ಟೆಂಬರ್ ಮೊದಲ ವಾರ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಬಂದಾಗ ಕೋವಿ ಹೊರಗೆ ತೆಗೆಯುತ್ತೇವೆ. ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದ ಮುಂದೆ ಇಟ್ಟು, ಗಂಧ ಹಚ್ಚಿ, ನಳಿಗೆ ಬಾಯಿಗೆ ತೋಕ್ ಪೂ ಎಂಬ ಕೋವಿ ಹೂವು ಸಿಕ್ಕಿಸಿ ಪೂಜೆ ಮಾಡುತ್ತೇವೆ. ಅದಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅಂದರೆ ವರ್ಷದಲ್ಲಿ ಕೋವಿ ಅತಿ ಹೆಚ್ಚು ತೇವ ಕುಡಿದಿರುವ ಹೊತ್ತಿನಲ್ಲೇ ಅದಕ್ಕೆ ಕೆಲಸ ಬರುತ್ತದೆ. ಹಾಗಾಗಿ ನನ್ನ ಒರೆಸುವ ಪದ್ಧತಿಯೆಲ್ಲ ಮಳೆಗಾಲವನ್ನು ನೋಡಿಕೊಂಡೇ ಬೆಳೆದದ್ದು.

ನನ್ನದು ಅಜ್ಜನ ಕಾಲದ 12 ಬೋರ್ ಜೋಡು ನಳಿಗೆ ತೋಟೆ (ಕಾರ್ಟ್ರಿಜ್) ಕೋವಿ, ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿದ ಬಾಕ್ಸ್‌ಲಾಕ್. 1875ರಲ್ಲಿ ಆನ್ಸನ್ ಮತ್ತು ಡೀಲಿ ಎಂಬ ಇಬ್ಬರು ಮಾಡಿದ ವಿನ್ಯಾಸ ಇದು. ಕೋವಿ ಮಡಚಿದಾಗ ನಳಿಗೆಯ ಭಾರವೇ ಒಳಗಿನ ಹ್ಯಾಮರ್‌ಗಳನ್ನು ಎತ್ತಿ ನಿಲ್ಲಿಸುತ್ತದೆ. ಬ್ರಿಟಿಷರ ಕಾಲದಿಂದ ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ವಿನಾಯಿತಿ ಇದೆ ಅಂದ ಮಾತ್ರಕ್ಕೆ ಕೋವಿಯನ್ನು ಮೂಲೆಯಲ್ಲಿ ಒರಗಿಸಿಟ್ಟು ಮರೆಯಬಾರದು. ಅದನ್ನು ಸರಿಯಾಗಿ ಇಟ್ಟುಕೊಳ್ಳುವುದು ನಮ್ಮ ಜವಾಬ್ದಾರಿ ಎಂದೇ ನಾನು ನಂಬಿದ್ದೇನೆ.

ಒರೆಸಲು ಕೂರುವ ಮೊದಲು ಕೋವಿ ಮಡಚಿ ಎರಡೂ ನಳಿಗೆ ಕಣ್ಣಿಟ್ಟು ನೋಡುತ್ತೇನೆ, ಆಮೇಲೆ ಬೆರಳು ಹಾಕಿಯೂ ನೋಡುತ್ತೇನೆ. ತೋಟೆಗಳ ಡಬ್ಬಿ ಬೇರೆ ಕೋಣೆಯಲ್ಲೇ ಇರಬೇಕು, ಮೇಜಿನ ಮೇಲೆ ಒಂದು ತೋಟೆಯೂ ಕೂಡದು. ಮಕ್ಕಳು ಪಕ್ಕದಲ್ಲಿ ಕೂತು ನೋಡಿದರೆ ನನಗೆ ಸಂತೋಷವೇ, ಆದರೆ ಅವರಿಗೆ ಮೊದಲು ಕಲಿಸುವ ಕೆಲಸವೂ ಇದೇ.

ಸಾಮಾನು ಜಾಸ್ತಿ ಬೇಕಿಲ್ಲ. ಮೂರು ತುಂಡಿನ ಕ್ಲೀನಿಂಗ್ ರಾಡು, 12 ಬೋರಿನ ಕಂಚಿನ ಬ್ರಷ್ಷು, ಒಂದು ಉಣ್ಣೆಯ ಮಾಪು, ಹಳೆ ಟೂತ್ ಬ್ರಷ್ಷು, ಹಲ್ಲುಕಡ್ಡಿ. ಬಟ್ಟೆಗೆ ಒಗೆದು ಒಗೆದು ಮೆತ್ತಗಾದ ಹಳೆ ಹತ್ತಿ ಪಂಚೆಗಿಂತ ಒಳ್ಳೆಯದು ನಾನು ಕಂಡಿಲ್ಲ. ಪಾಲಿಸ್ಟರ್ ಬೆರೆತ ಬಟ್ಟೆ ತೇವ ಹೀರುವುದಿಲ್ಲ, ಸುಮ್ನೆ ಜಾರುತ್ತದೆ.

ಮುಂದಿನ ಮರದ ತುಂಡು ತೆಗೆದರೆ ನಳಿಗೆ ಕೈಗೆ ಬರುತ್ತದೆ. ಇಲ್ಲಿ ಒಂದು ಮಾತು: ಬಿಚ್ಚಿದ ಮೇಲೆ ಟ್ರಿಗರ್ ಎಳೆಯಬಾರದು. ಎಳೆದರೆ ಹ್ಯಾಮರ್ ಬಿದ್ದುಬಿಡುತ್ತದೆ, ಮತ್ತೆ ಜೋಡಿಸುವಾಗ ಕೂರದೆ ಸತಾಯಿಸುತ್ತದೆ. ಜೋರು ಮಾಡಿದರೆ ಮರ ಸೀಳುತ್ತದೆ.

ನಳಿಗೆಯನ್ನು ಕಿಟಕಿ ಬೆಳಕಿಗೆ ಹಿಡಿದು ಒಳಗೆ ನೋಡುವುದು ನನಗೆ ಇಡೀ ಕೆಲಸದಲ್ಲೇ ಮುಖ್ಯವಾದ ಘಟ್ಟ. ಒಳಗೋಡೆಯಲ್ಲಿ ಬೆಳಕಿನ ಉಂಗುರಗಳು ಒಂದರ ಹಿಂದೆ ಒಂದು ನೀಟಾಗಿ ಕಾಣಬೇಕು. ಎಲ್ಲಾದರೂ ಒಂದು ಉಂಗುರ ಸೊಟ್ಟಗಾಗಿದ್ದರೆ ಅಲ್ಲಿ ತಗ್ಗು ಬಿದ್ದಿದೆ ಎಂದು ಅರ್ಥ. ಸುತ್ತ ಕಪ್ಪು ನೆರಳು ಕಂಡರೆ ನಳಿಗೆ ಅಲ್ಲಿ ಉಬ್ಬಿದೆ. ಅಂಥ ಕೋವಿಯನ್ನು ಹೊಡೆಯದೆ ನೇರ ಕೋವಿ ರಿಪೇರಿಯವರ ಹತ್ತಿರ ಒಯ್ಯಬೇಕು. ನಮ್ಮ ಕಡೆ ಇನ್ನೊಂದು ಅಪಾಯ ಇದೆ. ಮಣ್ಣಿನ ಗೂಡು ಕಟ್ಟುವ ಕಣಜ. ಕೊಳವೆ ಆಕಾರದ್ದು ಏನು ಸಿಕ್ಕರೂ ಅದಕ್ಕೆ ಮನೆ. ಕೆಲವು ವಾರ ತೆರೆದಿಟ್ಟ ನಳಿಗೆಯಲ್ಲಿ ಬೆರಳಷ್ಟು ಉದ್ದದ ಮಣ್ಣಿನ ಬಿರಡೆ ಕೂತಿರುತ್ತದೆ. ಅದನ್ನು ನೋಡದೆ ಈಡು ಹೊಡೆದರೆ ಹಿಂದಿನ ಒತ್ತಡಕ್ಕೆ ದಾರಿ ಸಿಗದೆ ನಳಿಗೆ ಒಡೆಯಬಹುದು. ಎಡಗೈ ಇರುವುದು ಅಲ್ಲೇ, ಅಲ್ವಾ?

ನೋಡಿದ ಮೇಲೆ ನಳಿಗೆಯನ್ನು ಕೆಳಗಿನ ಕೊಕ್ಕೆಗೆ ಬೆರಳು ಕೊಟ್ಟು ತೂಗುಬಿಟ್ಟು ಗೆಣ್ಣಿನಿಂದ ಒಮ್ಮೆ ತಟ್ಟುತ್ತೇನೆ. ಎರಡು ನಳಿಗೆಗಳ ನಡುವಿನ ಪಟ್ಟಿ ಗಟ್ಟಿಯಾಗಿದ್ದರೆ ಗಂಟೆ ಬಾರಿಸಿದಂತೆ ಉದ್ದಕ್ಕೆ ನಾದ ಬರುತ್ತದೆ. ಬೆಸುಗೆ ಬಿಟ್ಟಿದ್ದರೆ ಮಂಕಾದ ಸದ್ದು. ಬೆಸುಗೆ ಬಿಟ್ಟ ಪಟ್ಟಿಯ ಕೆಳಗೆ ನೀರು ಇಳಿದು ಕಣ್ಣಿಗೆ ಕಾಣದಂತೆ ಒಳಗಿಂದ ತುಕ್ಕು ತಿನ್ನುತ್ತದೆ. ಹಳೆ ಜೋಡು ನಳಿಗೆ ಇರುವವರೆಲ್ಲ ಇದನ್ನು ಮಾಡಿ ನೋಡಬೇಕು.

ಬ್ರಷ್ಷು ಹಾಕುವುದು ಯಾವಾಗಲೂ ತೋಟೆ ಹಾಕುವ ಕಡೆಯಿಂದ, ಬಾಯಿ ಕಡೆಗೆ. ಹಾಗಾದರೆ ಕೊಳೆ ಹೊರಗೆ ಹೋಗುತ್ತದೆ, ಯಂತ್ರದ ಕಡೆಗೆ ಬರುವುದಿಲ್ಲ. ಕಂಚಿನ ಬ್ರಷ್ಷನ್ನು ನಳಿಗೆ ಮಧ್ಯದಲ್ಲಿ ಹಿಂದಕ್ಕೆ ತಿರುಗಿಸಬಾರದು, ಪೂರ್ತಿ ಹೊರಗೆ ಬಂದ ಮೇಲೆ ವಾಪಸ್ ಎಳೆಯಬೇಕು. ಈಗಿನ ತೋಟೆಗಳ ಒಳಗೆ ಪ್ಲಾಸ್ಟಿಕ್ ಬಟ್ಟಲು ಇರುತ್ತದೆ. ಅದು ಬಿಸಿಗೆ ಕರಗಿ ತೋಟೆ ಕೂರುವ ಜಾಗದ ಮುಂದೆ ತೆಳುವಾದ ಪದರ ಕಟ್ಟುತ್ತದೆ. ಅದರಡಿ ತೇವ ಸೇರಿದರೆ ತುಕ್ಕು. ಬ್ರಷ್ಷಿಗೆ ಸ್ವಲ್ಪ ಸೀಮೆಎಣ್ಣೆ ಅಥವಾ ಸಾಲ್ವೆಂಟ್ ಹಚ್ಚಿ ಅಲ್ಲಿ ಚೆನ್ನಾಗಿ ತಿಕ್ಕಿ, ಐದು ನಿಮಿಷ ಬಿಟ್ಟು, ಮತ್ತೆ ತಿಕ್ಕುತ್ತೇನೆ. ಬಾಯಿ ಹತ್ತಿರ ನಳಿಗೆ ಕಿರಿದಾಗುವ, ಅಂದರೆ ಚೋಕ್ ಇರುವ ಕೊನೆಯ ಎರಡು ಮೂರು ಇಂಚಿನಲ್ಲಿ ಸೀಸ ಮೆತ್ತಿರುತ್ತದೆ. ಅದು ಬೂದು ಬಣ್ಣದ ಗೆರೆಯಾಗಿ ಕಾಣುತ್ತದೆ, ಅಲ್ಲಿಗೂ ಬ್ರಷ್ಷೇ ಬೇಕು. ಆಮೇಲೆ ಒಣ ಬಟ್ಟೆ, ಬಟ್ಟೆ ಬಿಳಿಯಾಗಿ ಬರುವವರೆಗೆ.

ಬಾಯಿಯಿಂದ ಮದ್ದು ತುಂಬಿ, ಸಿಡಿಯುವ ಪುಟ್ಟ ಕೇಪಿನಿಂದ ಹೊತ್ತಿಸುವ ಕೇಪಿನ ಕೋವಿಯ ವಿಷಯ ಪೂರ್ತಿ ಬೇರೆ, ಇದರ ಬಗ್ಗೆ ನನಗೆ ಹೇಳಲೇಬೇಕಾದ್ದು ಜಾಸ್ತಿ ಇದೆ. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಕರಿಮದ್ದು ಉರಿದ ಮೇಲೆ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿ, ಮಸಿಯಾಗಿ, ಲವಣವಾಗಿ ಉಳಿಯುತ್ತದೆ. ಆ ಲವಣ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಅದರ ಮೇಲೆ ಎಷ್ಟು ಎಣ್ಣೆ ಸುರಿದರೂ ಲವಣ ಕರಗುವುದಿಲ್ಲ. ಎಣ್ಣೆಯ ಕೆಳಗೇ ಕೂತು ಕಬ್ಬಿಣ ತಿನ್ನುತ್ತದೆ. ಇದಕ್ಕೆ ಔಷಧ ನೀರೇ. ನಮ್ಮಲ್ಲಿರುವ ಹಳೆ ಕೇಪಿನ ಕೋವಿಯಲ್ಲಿ ಹಬ್ಬಕ್ಕೆ ಈಡು ಹೊಡೆದರೆ ಅದೇ ಸಂಜೆ ನಳಿಗೆ ಬಿಚ್ಚಿ, ಬುಡವನ್ನು ಬಕೆಟ್ಟಿನಲ್ಲಿ ಇಟ್ಟು, ಬಾಯಿಯಿಂದ ಬಿಸಿನೀರು ಹುಯ್ಯುತ್ತೇನೆ. ಬಟ್ಟೆ ಸುತ್ತಿದ ರಾಡನ್ನು ಮೇಲೆ ಕೆಳಗೆ ಆಡಿಸಿದರೆ ಕೆಳಗಿನ ತೂತಿಂದ ಕಪ್ಪು ನೀರು ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆ ಸಮೇತ. ನೀರು ತಿಳಿಯಾಗುವವರೆಗೆ ಬಿಡಬಾರದು. ಕೊನೆಯ ಸಲ ಕುದಿಯುವ ನೀರು ಹಾಕಿದರೆ ಕಬ್ಬಿಣ ಎಷ್ಟು ಬಿಸಿಯಾಗುತ್ತದೆ ಅಂದರೆ ಕೈಯಲ್ಲಿ ಹಿಡಿಯಲು ಬಟ್ಟೆ ಬೇಕು, ಆ ಬಿಸಿಗೆ ನೀರು ತಾನೇ ಆರುತ್ತದೆ. ಆರಿದ ತಕ್ಷಣ ಎಣ್ಣೆ ಬಟ್ಟೆ. ಬೆಳಿಗ್ಗೆ ನೋಡೋಣ ಎಂದು ಬಿಟ್ಟರೆ ಕೊಡಗಿನ ಗಾಳಿಯಲ್ಲಿ ಬೆಳಿಗ್ಗೆಗೆ ಕೆಂಪು ಹತ್ತಿರುತ್ತದೆ. ಹಳೆ ಕಾಲದ ಕೇಪುಗಳಲ್ಲೂ ಇದೇ ತೊಂದರೆ: ಉರಿದ ಮೇಲೆ ಉಪ್ಪಿನಂಥದ್ದೇ ಉಳಿಯುತ್ತಿತ್ತು. ಅಜ್ಜಂದಿರು ಕೋವಿಗೆ ಬಿಸಿನೀರು ಹಾಕುತ್ತಿದ್ದರು ಅಂದರೆ ಅದಕ್ಕೆ ಇಷ್ಟು ದೊಡ್ಡ ಕಾರಣ ಇತ್ತು.

ಇನ್ನು ಎಣ್ಣೆ. ನನ್ನ ತಮ್ಮನ ಮಗ ಮೊದಲ ಸಲ ಜೊತೆಗೆ ಕೂತಾಗ ಎಣ್ಣೆ ಡಬ್ಬಿ ಹಿಡಿದು, "ದೊಡ್ಡಪ್ಪ, ಎಲ್ಲ ಕಡೆ ಬಿಡ್ಲಾ?" ಎಂದ.

"ಬಿಡಬೇಡ ಮಗ, ಬಟ್ಟೆಗೆ ಹಾಕು. ಬಟ್ಟೆಯಿಂದ ಕೋವಿಗೆ ಹೋಗ್ಲಿ" ಎಂದೆ.

ಜಾಸ್ತಿ ಎಣ್ಣೆ ಒಂದು ಜಾಗದಲ್ಲಿ ನಿಲ್ಲುವುದಿಲ್ಲ. ಕೋವಿ ನಿಲ್ಲಿಸಿಟ್ಟರೆ ನಿಧಾನವಾಗಿ ಹಿಂದಕ್ಕೆ ಇಳಿದು ಯಂತ್ರದ ಹಿಂದಿನ ಮರಕ್ಕೆ ಸೇರುತ್ತದೆ. ಮರ ಕಪ್ಪಾಗಿ ಮೆತ್ತಗಾಗುತ್ತದೆ, ಒಂದು ದಿನ ಈಡಿನ ಹೊಡೆತಕ್ಕೆ ಸೀಳುತ್ತದೆ. ಕೇಪಿಗೆ ಬಡಿಯುವ ಕಡ್ಡಿ, ಅಂದರೆ ಫೈರಿಂಗ್ ಪಿನ್ ಓಡಾಡುವ ತೂತಿನಲ್ಲಿ ಎಣ್ಣೆ ಧೂಳಿನ ಜೊತೆ ಸೇರಿ ಅಂಟಾದರೆ ಪಿನ್ ನಿಧಾನವಾಗುತ್ತದೆ. ತೋಟೆಯ ಕೇಪಿಗೆ ಪೆಟ್ಟು ಮೆತ್ತಗೆ ಬೀಳುತ್ತದೆ, ಈಡು ಹಾರುವುದಿಲ್ಲ. ಜನ ತೋಟೆಯನ್ನು ಬೈಯುತ್ತಾರೆ. ನಾನು ನೋಡಿದ ಹುಸಿ ಈಡುಗಳಲ್ಲಿ ಅಂಟು ಎಣ್ಣೆಯ ಪಾಲು ದೊಡ್ಡದು.

ಯಾವ ಎಣ್ಣೆ ಎಂದು ಎಲ್ಲರೂ ಕೇಳುತ್ತಾರೆ. ತೆಂಗಿನೆಣ್ಣೆ ಬೇಡವೇ ಬೇಡ. 24 ಡಿಗ್ರಿ ಆಸುಪಾಸಿಗೆ ಅದು ಗಟ್ಟಿಯಾಗುತ್ತದೆ, ನಮ್ಮ ಬೆಳಗಿನ ಚಳಿ ಅದಕ್ಕಿಂತ ಎಷ್ಟೋ ಕೆಳಗೆ. ಅಂಗಡಿಯಲ್ಲಿ ಸಿಗುವ ಡಬ್ಲ್ಯುಡಿ-40 ನೀರು ಓಡಿಸಲು ಒಳ್ಳೆಯದು, ಮಳೆಯಲ್ಲಿ ನೆನೆದ ಕೋವಿಗೆ ನಾನೂ ಹೊಡೆಯುತ್ತೇನೆ. ಆದರೆ ಒರೆಸಿ ತೆಗೆದು ಬೇರೆ ಎಣ್ಣೆ ಹಚ್ಚಬೇಕು, ಬಹಳ ದಿನ ಕಾಯುವ ಶಕ್ತಿ ಅದಕ್ಕಿಲ್ಲ. ಕೋವಿ ಎಣ್ಣೆ ಸಿಕ್ಕರೆ ಅದು, ಸಿಗದಿದ್ದರೆ ಒಳ್ಳೆ ಹೊಲಿಗೆ ಮಿಷನ್ ಎಣ್ಣೆ. ನಳಿಗೆ ಮಡಚುವ ಕೀಲಿಗೆ ಮಾತ್ರ ಗ್ರೀಸು, ಅದೂ ಅಕ್ಕಿಕಾಳಿನಷ್ಟು. ಅಲ್ಲಿ ಲೋಹಕ್ಕೆ ಲೋಹ ಒತ್ತಿಕೊಂಡು ಉಜ್ಜುತ್ತದೆ, ತೆಳು ಎಣ್ಣೆ ನಿಲ್ಲುವುದಿಲ್ಲ. ಹಳೆ ಗ್ರೀಸು ಪೂರ್ತಿ ಒರೆಸಿ ಹೊಸದು ಹಚ್ಚಬೇಕು, ಹಳೆಯದರಲ್ಲಿ ಮರಳಿನ ಕಣ ಸೇರಿ ಅರೆಯಲು ಶುರು ಮಾಡುತ್ತದೆ. ಖಾಲಿ ತೋಟೆ ಎತ್ತಿ ಕೊಡುವ ಎಕ್ಸ್‌ಟ್ರಾಕ್ಟರಿನ ಅಡಿಗೆ ಟೂತ್ ಬ್ರಷ್ಷು ಹಾಕಿ. ಅಲ್ಲಿ ಒಂದು ಕಣ ಕೂತರೂ ಕೋವಿ ಸರಿಯಾಗಿ ಮುಚ್ಚುವುದಿಲ್ಲ.

ಒಳಗಿನ ಸ್ಕ್ರೂಗಳನ್ನು ನಾನು ಮುಟ್ಟುವುದಿಲ್ಲ. ಆ ಸ್ಕ್ರೂಗಳ ಗೀರು ತುಂಬಾ ಸಣ್ಣದು, ಮನೆಯ ಸ್ಕ್ರೂಡ್ರೈವರ್ ಹಾಕಿದರೆ ತಲೆ ಹಾಳು. ಒಳಗಿನ ಕೆಲಸ ಲೈಸೆನ್ಸ್ ಇರುವ ರಿಪೇರಿಯವರಿಗೇ.

ಹೊರಮೈಗೆ ದೊಡ್ಡ ಶತ್ರು ನಮ್ಮ ಬೆವರು. ಹಬ್ಬದ ದಿನ ಹತ್ತು ಜನ ಕೋವಿ ಮುಟ್ಟುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಎರಡು ದಿನ ಬಿಟ್ಟು ನೋಡಿದರೆ ಬೆರಳಚ್ಚಿನ ಗೆರೆ ಗೆರೆಯಾಗಿ ತುಕ್ಕು. ಎಲ್ಲರೂ ಹೋದ ಮೇಲೆ ಎಣ್ಣೆ ಬಟ್ಟೆಯಿಂದ ಒಮ್ಮೆ ಒರೆಸಿದರೆ ಸಾಕು. ಆಗಲೇ ಚುಕ್ಕೆ ಬಿದ್ದಿದ್ದರೆ ಅತಿ ನುಣುಪಾದ ಸ್ಟೀಲ್ ಉಣ್ಣೆಗೆ ಎಣ್ಣೆ ಹಾಕಿ ಮೆತ್ತಗೆ ಉಜ್ಜಬೇಕು. ಮರಳು ಕಾಗದ ತಂದರೆ ನಳಿಗೆಯ ನೀಲಿಗಪ್ಪು ಬಣ್ಣವೂ ಹೋಗುತ್ತದೆ. ಆ ಬಣ್ಣವೇ ಕಬ್ಬಿಣಕ್ಕೆ ಕಾವಲು. ಪೂಜೆಯ ಗಂಧವನ್ನೂ ಒಣಗಿ ಅಂಟುವ ಮೊದಲೇ ತೆಗೆಯುತ್ತೇನೆ, ಅದು ಒದ್ದೆ, ಅದರಡಿ ಮಚ್ಚೆ ಬೀಳುತ್ತದೆ. ತೋಕ್ ಪೂವಿನ ತೊಟ್ಟು ನಳಿಗೆಯೊಳಗೆ ಮುರಿದು ಉಳಿದಿದೆಯಾ ಎಂದು ಮತ್ತೆ ಬೆಳಕಿಗೆ ಹಿಡಿದು ನೋಡುತ್ತೇನೆ. ಪೂಜೆಯಿಂದ ನೇರ ಸ್ಪರ್ಧೆಗೆ ಹೋಗುವ ಅವಸರದಲ್ಲಿ ಇದನ್ನು ಮರೆಯುವವರು ಬಹಳ.

ಚರ್ಮದ ಚೀಲದಲ್ಲಾಗಲಿ, ಸ್ಪಂಜು ಹಾಕಿದ ಕವರಿನಲ್ಲಾಗಲಿ ಮಳೆಗಾಲದಲ್ಲಿ ಕೋವಿ ಇಡಬೇಡಿ. ಅದು ಒಯ್ಯಲು ಮಾತ್ರ. ಅವು ತೇವವನ್ನು ಹಿಡಿದು ಕೋವಿಗೆ ಅಂಟಿಸಿ ಇಡುತ್ತವೆ. ನಾನು ಬೀಗವಿರುವ ಕಬ್ಬಿಣದ ಬೀರುವಿನಲ್ಲಿ, ಬಾಯಿ ಕೆಳಗೆ ಮಾಡಿ, ಅಡಿಗೆ ಬಟ್ಟೆ ಹಾಕಿ ನಿಲ್ಲಿಸುತ್ತೇನೆ. ಹೆಚ್ಚಾದ ಎಣ್ಣೆ ಮರದ ಕಡೆಗೆ ಹೋಗದೆ ಬಾಯಿ ಕಡೆ ಇಳಿಯುತ್ತದೆ. ಜೊತೆಗೆ ಸಿಲಿಕಾ ಜೆಲ್ ಡಬ್ಬಿ. ಹರಳು ಬಣ್ಣ ಬದಲಿಸಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬಹುದು. ಮಳೆ ಜೋರಾಗಿದ್ದ ತಿಂಗಳಲ್ಲಿ ಭಾನುವಾರ ಭಾನುವಾರ ತೆಗೆದು ಒರೆಸುತ್ತೇನೆ. ಐದು ನಿಮಿಷದ ಕೆಲಸ.

ತೋಟೆಗೂ ಇದೇ ಕಾಳಜಿ ಬೇಕು. ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ತೋಟೆ ಇರಲಿ, ಬೇರೆ ಯಾವುದೇ ಇರಲಿ, ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತೇನೆ. ಕಾಗದದ ಹಳೆ ತೋಟೆ ತೇವಕ್ಕೆ ಉಬ್ಬಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಿತ್ತಾಳೆಗೆ ಹಸಿರು ಹತ್ತಿದ್ದನ್ನು ಬಳಸುವುದೇ ಇಲ್ಲ.

ಹೊಡೆಯುವ ದಿನ ನಳಿಗೆಯೊಳಗಿನ ಎಣ್ಣೆ ಪೂರ್ತಿ ತೆಗೆಯಬೇಕು. ಒಣ ಬಟ್ಟೆ ಎರಡು ಸಲ, ತೋಟೆ ಕೂರುವ ಜಾಗಕ್ಕೆ ಬೆರಳಿಗೆ ಸುತ್ತಿ ಇನ್ನೊಮ್ಮೆ. ಅಲ್ಲಿ ಎಣ್ಣೆ ಉಳಿದರೆ ಕೇಪಿನೊಳಗೆ ಇಳಿದು ಅದನ್ನು ಸಾಯಿಸಬಹುದು. ಟ್ರಿಗರ್ ಎಳೆದ ಮೇಲೂ ಈಡು ಹಾರದಿದ್ದರೆ ಕೋವಿ ಮಡಚಲು ಹೋಗಬೇಡಿ. ಬಾಯಿ ಗುರಿಯ ಕಡೆಗೇ ಇರಲಿ, ಅರ್ಧ ನಿಮಿಷವಾದರೂ ಕಾಯಿರಿ. ಕೆಲವು ಸಲ ತಡವಾಗಿ ಹಾರುತ್ತದೆ.

ಕೈಲ್ ಮುಹೂರ್ತ ಕಳೆದರೆ ಮುಂದೆ ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಪುತ್ತರಿ. ರಾತ್ರಿ ಗದ್ದೆಗೆ ಹೋಗಿ ಕದಿರು ತೆಗೆಯುವಾಗ ಒಂದು ಈಡು ಹೊಡೆಯುತ್ತೇವೆ, ಅಷ್ಟೇ. ಹೊಡೆದದ್ದು ಒಂದೇ ನಳಿಗೆಯಿಂದ ಆದರೂ ಮನೆಗೆ ಬಂದು ಎರಡನ್ನೂ ಒರೆಸುತ್ತೇನೆ. ಗದ್ದೆಯ ಇಬ್ಬನಿ ಎರಡರೊಳಗೂ ಇಳಿದಿರುತ್ತದೆ.