ಡೌನ್ ಸಿಂಡ್ರೋಮ್ ಇರುವ ವಯಸ್ಕರಲ್ಲಿ ಮರೆವಿನ ಕಾಯಿಲೆ: ಮೊದಲ ಸುಳಿವನ್ನು ಗುರುತಿಸುವುದು ಹೇಗೆ?

ದಿನವೂ ಬೆಳಿಗ್ಗೆ ತಾನೇ ಹಾಸಿಗೆ ಮಡಿಸಿ, ಸ್ನಾನ ಮುಗಿಸಿ, ಅಂಗಿಯ ಗುಂಡಿ ಹಾಕಿಕೊಂಡು ತಿಂಡಿಗೆ ಬರುತ್ತಿದ್ದ ಡೌನ್ ಸಿಂಡ್ರೋಮ್ ಇರುವ ನಲವತ್ತೈದರ ತಮ್ಮ ಈಚೆಗೆ ಎರಡು ಗುಂಡಿ ಹಾಕಿ ಸುಮ್ಮನೆ ನಿಂತುಬಿಡುತ್ತಾನೆ, ನೆನಪಿಸಿದರೆ ಸಿಡುಕುತ್ತಾನೆ ಎಂದುಕೊಳ್ಳಿ. ಹಟ ಹೆಚ್ಚಾಗಿದೆ ಎಂದು ಮನೆಯವರು ಭಾವಿಸುತ್ತಾರೆ; ಇಂಥವರಲ್ಲಿ ಇದು ಸಹಜ ಎಂದು ಕೆಲವು ವೈದ್ಯರೂ ಹೇಳಿ ಕಳಿಸುತ್ತಾರೆ. ಆದರೆ ಬಂದಿದ್ದ ಕೌಶಲ ಕೈತಪ್ಪುವುದು ಡೌನ್ ಸಿಂಡ್ರೋಮ್‌ನ ಸಹಜ ಲಕ್ಷಣವಲ್ಲ.

ಹುಟ್ಟಿನಿಂದಲೇ ಇರುವ ಈ ಸ್ಥಿತಿಯಲ್ಲಿ, ಜೀನ್‌ಗಳನ್ನು ಹೊತ್ತ ಕ್ರೋಮೋಸೋಮ್‌ಗಳ ಪೈಕಿ 21ನೆಯದು ಎರಡರ ಬದಲು ಮೂರು ಇರುತ್ತದೆ. ಅಮಿಲಾಯ್ಡ್ ಪ್ರೋಟೀನಿಗೆ ಮೂಲವಾದ ಜೀನ್ ಇರುವುದೂ ಅದರಲ್ಲಿಯೇ ಆದ್ದರಿಂದ, ಆ ಪ್ರೋಟೀನು ಹೆಚ್ಚಾಗಿ ತಯಾರಾಗಿ, 40ರ ಹೊತ್ತಿಗೆ ಬಹುತೇಕ ಎಲ್ಲರ ಮಿದುಳಿನಲ್ಲೂ ಮರೆವಿನ ಕಾಯಿಲೆಗಳಲ್ಲಿ ಪ್ರಮುಖವಾದ ಆಲ್‌ಝೈಮರ್‌ನ ಗುರುತುಗಳು ಮೂಡಿರುತ್ತವೆ. ಹೊರಗೆ ಕಾಣುವ ಲಕ್ಷಣಗಳು ಸಾಮಾನ್ಯವಾಗಿ 50ರ ಆಸುಪಾಸಿನಲ್ಲಿ, ಕೆಲವರಲ್ಲಿ ಅದಕ್ಕೂ ಮೊದಲೇ, ಆರಂಭವಾಗುತ್ತವೆ.

ಮೊದಲ ಹೆಜ್ಜೆ: ಆರೋಗ್ಯವಾಗಿರುವಾಗಲೇ ದಾಖಲಿಸಿ

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದೇ. ಅವರನ್ನು ಬೇರೆಯವರೊಂದಿಗೆ ಹೋಲಿಸಿ ಪ್ರಯೋಜನವಿಲ್ಲ. ನಿನ್ನೆಯ ಅವರೊಂದಿಗೇ ಹೋಲಿಸಬೇಕು. ಮೂವತ್ತೈದು ತುಂಬುವ ಹೊತ್ತಿಗೆ ಒಂದು ನೋಟ್‌ಬುಕ್ ತೆರೆದು, ಅವರು ಯಾರ ಸಹಾಯವೂ ಇಲ್ಲದೆ ಏನೇನು ಮಾಡುತ್ತಾರೆ, ಯಾರ್ಯಾರ ಹೆಸರು ಹೇಳುತ್ತಾರೆ, ಅಂಗಡಿಗೆ ಒಬ್ಬರೇ ಹೋಗಿಬರುತ್ತಾರೆಯೇ ಎಂಬುದನ್ನು ಬರೆದಿಡಿ. ವರ್ಷಕ್ಕೊಮ್ಮೆ, ಹುಟ್ಟುಹಬ್ಬದ ದಿನವೇ ಆಗಲಿ, ಬಟ್ಟೆ ಮಡಿಸುವುದನ್ನೋ ಕಾಫಿ ಬೆರೆಸುವುದನ್ನೋ ಮೊಬೈಲಿನಲ್ಲಿ ಚಿತ್ರೀಕರಿಸಿ. ನಮ್ಮ ಬಹುಪಾಲು ಮನೆಗಳಲ್ಲಿ ಈ ವಿವರಗಳೆಲ್ಲ ಇರುವುದು ತಾಯಿಯ ನೆನಪಿನಲ್ಲಿ ಮಾತ್ರ. ತಾಯಿ ತೀರಿಕೊಂಡು ಜವಾಬ್ದಾರಿ ಅಣ್ಣ ಅತ್ತಿಗೆಗೋ ಅಕ್ಕನಿಗೋ ಬಂದಾಗ, ಮೊದಲು ಹೇಗಿದ್ದರು ಎಂಬ ವೈದ್ಯರ ಪ್ರಶ್ನೆಗೆ ಉತ್ತರಿಸುವವರೇ ಇರುವುದಿಲ್ಲ.

ಎರಡನೆಯ ಹೆಜ್ಜೆ: ಮರೆವಿಗಾಗಿ ಕಾಯಬೇಡಿ

ಇವರಲ್ಲಿ ಮರೆವಿಗಿಂತ ಮೊದಲೇ ಸ್ವಭಾವ ಬದಲಾಗಬಹುದು. ಮದುವೆಮನೆಯೆಂದರೆ ಕುಣಿಯುತ್ತಿದ್ದವರು ಮೂಲೆ ಹಿಡಿಯುತ್ತಾರೆ, ಮೆಚ್ಚಿನ ಧಾರಾವಾಹಿಯತ್ತ ಕಣ್ಣೆತ್ತುವುದಿಲ್ಲ, ಮಾತು ಕಡಿಮೆಯಾಗುತ್ತದೆ. ಕೆಲಸದ ಕ್ರಮ ತಪ್ಪುತ್ತದೆ: ಬ್ರಷ್ ಕೈಯಲ್ಲಿದೆ, ಪೇಸ್ಟ್ ಎದುರಿಗಿದೆ, ಮುಂದೇನೆಂದು ತೋಚದು. ಮೆಟ್ಟಿಲಿಳಿಯುವಾಗ, ನೆಲದ ಬಣ್ಣ ಬದಲಾಗುವ ಹೊಸ್ತಿಲಿನಲ್ಲಿ ಕಾಲೆತ್ತಿಡಲು ಹಿಂಜರಿಯುತ್ತಾರೆ. ನಲವತ್ತರ ನಂತರ ಮೊದಲ ಬಾರಿಗೆ ಫಿಟ್ಸ್ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬದಲಾವಣೆ ಕಂಡ ದಿನಾಂಕವನ್ನೂ ಬರೆದುಕೊಳ್ಳಿ.

ಮೂರನೆಯ ಹೆಜ್ಜೆ: ಗುಣವಾಗುವ ಕಾರಣಗಳನ್ನು ಹುಡುಕಿಸಿ

ಮರೆವಿನ ಕಾಯಿಲೆಯೇ ಎಂದು ನೀವಾಗಿ ತೀರ್ಮಾನಿಸಬೇಡಿ. ಇದೇ ಲಕ್ಷಣಗಳನ್ನು ತೋರುವ, ಚಿಕಿತ್ಸೆಯಿರುವ ತೊಂದರೆಗಳು ಇವರಲ್ಲಿ ಬಹಳ: ಥೈರಾಯ್ಡ್ ಕೊರತೆ, ಕಣ್ಣಿನ ಪೊರೆ, ಕಿವುಡು, ಕಿವಿಯಲ್ಲಿ ಗಟ್ಟಿಯಾದ ಗುಗ್ಗೆ, ಗೊರಕೆಯ ನಡುವೆ ಉಸಿರು ನಿಲ್ಲುವುದು, ಬಿ12 ಕೊರತೆ, ಖಿನ್ನತೆ, ಹೇಳಿಕೊಳ್ಳಲಾಗದ ಹಲ್ಲುನೋವು. ಆಪ್ತರ ಸಾವನ್ನು ಅವರಿಗೆ ಅರ್ಥವಾಗದೆಂದು ಮುಚ್ಚಿಟ್ಟ ಮನೆಗಳಲ್ಲಿ ದುಃಖವೇ ಮಂಕುತನವಾಗಿ ಕಾಣಿಸಿಕೊಂಡಿರಬಹುದು. ಕೆಲವೇ ದಿನಗಳಲ್ಲಿ ನಡಿಗೆ ಕೆಟ್ಟರೆ, ಮೂತ್ರದ ಹಿಡಿತ ತಪ್ಪಿದರೆ ಕುತ್ತಿಗೆಯ ಮೂಳೆ ಜರುಗಿ ಬೆನ್ನುಹುರಿಯನ್ನು ಒತ್ತುತ್ತಿರುವ ಸಾಧ್ಯತೆಯೂ ಇರುವುದರಿಂದ ಅದು ತುರ್ತು.

ನಾಲ್ಕನೆಯ ಹೆಜ್ಜೆ: ತಜ್ಞರ ಬಳಿ

ನಲವತ್ತು ದಾಟಿದ ಮೇಲೆ ಲಕ್ಷಣವಿರಲಿ, ಇಲ್ಲದಿರಲಿ, ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್ ದೂರವಾದರೆ ಹತ್ತಿರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಿಂದ ಆರಂಭಿಸಬಹುದು. ಇಂದು ಯಾವ ವಾರ, ನೂರರಿಂದ ಏಳು ಕಳೆಯಿರಿ ಎಂಬಂಥ ಸಾಮಾನ್ಯ ಪರೀಕ್ಷೆ ಇವರಿಗೆ ಹೊಂದುವುದಿಲ್ಲ. ಹಾಗೆ ಕೇಳಿದರೆ ನಿಮ್ಮ ನೋಟ್‌ಬುಕ್ ಮತ್ತು ವಿಡಿಯೊಗಳನ್ನು ಮುಂದಿಡಿ. ಸೇವಿಸುತ್ತಿರುವ ಮಾತ್ರೆಗಳನ್ನೂ ಒಯ್ಯಿರಿ. ಅವರ ತಪ್ಪುಗಳನ್ನು ಅವರೆದುರೇ ಒಂದೊಂದಾಗಿ ಎಣಿಸದೆ, ವಿವರ ಬರೆದ ಹಾಳೆಯನ್ನು ವೈದ್ಯರ ಕೈಗೆ ಕೊಟ್ಟು, ಮೊದಲ ಮಾತನ್ನು ನೀವು ಕರೆತಂದವರಿಗೇ ಬಿಡಿ.