ಮೂರು ಸಾಫ್ಟ್‌ವೇರ್, ಐದು ಹಳೇ ಫೈಲು

"ಫ್ರೀ ಯುಟಿಲಿಟೀಲಿ ನಾನೂರು ರಿಟರ್ನ್ ಹಾಕ್ತೀಯಾ? ಜುಲೈ ಕೊನೇಲಿ ನಿನ್ನನ್ನ ಆಸ್ಪತ್ರೆಗೆ ಸೇರಿಸಬೇಕಾಗುತ್ತೆ ನೋಡು." ಚಿಕ್ಕಪೇಟೆಯಲ್ಲಿ ಆಫೀಸ್ ಇಟ್ಟಿರುವ ಗೆಳೆಯ ಎರಡು ವರ್ಷದ ಹಿಂದೆ ಹೇಳಿದ ಮಾತಿದು. ಅವನೂ ನಾನೂ ಜನರ ಆದಾಯ ತೆರಿಗೆ ರಿಟರ್ನ್ ಹಾಕಿಕೊಡುವವರು, ಫ್ರೀ ಯುಟಿಲಿಟಿ ಅಂದರೆ ಇಲಾಖೆಯವರೇ ಪುಕ್ಕಟೆ ಕೊಡುವ ಸಾಫ್ಟ್‌ವೇರ್. ಜೊತೆಗೆ ಕಾಫಿ ಕುಡಿಯುತ್ತಿದ್ದ ಇನ್ನಿಬ್ಬರೂ ನಕ್ಕರು. 2025ರ ಸೀಸನ್ನಿನಲ್ಲಿ ನಾನು ಹಾಕಿದ್ದು ಸುಮಾರು 420. ಆಸ್ಪತ್ರೆಗೆ ಹೋಗಿದ್ದು ಒಂದೇ ಸಲ, ಅದೂ ಹಲ್ಲು ಕೀಳಿಸಲು, ಅಕ್ಟೋಬರಿನಲ್ಲಿ.

ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ನಮ್ಮ ಲೈನಿನಲ್ಲಿ ಪ್ರತಿ ಮೇ ತಿಂಗಳಲ್ಲೂ ಮಾತು ಏಳುತ್ತದೆ. ಒಬ್ಬರು ಮಂಗಳೂರಿನ ವಿನ್‌ಮ್ಯಾನ್ ಅನ್ನುತ್ತಾರೆ, ಇನ್ನೊಬ್ಬರು ಕಂಪ್ಯೂಟ್ಯಾಕ್ಸ್, ಹೊಸ ಹುಡುಗರು ಕ್ಲಿಯರ್‌ಟ್ಯಾಕ್ಸ್. ಅವರವರ ಕೈಗೆ ಅವರವರದು ಒಗ್ಗಿರುತ್ತದೆ, ಆ ಜಗಳಕ್ಕೆ ನಾನಿಲ್ಲ. ಮುಂದೆ ನಾನು ಬೈಯುವ ಸಾಫ್ಟ್‌ವೇರುಗಳು ಈ ಮೂರರಲ್ಲಿ ಯಾವುದೂ ಅಲ್ಲ. ಅವುಗಳ ಹೆಸರೂ ಹೇಳುವುದಿಲ್ಲ.

ಮೊದಲ ಪೆಟ್ಟು ಬಿದ್ದದ್ದು 2022ರಲ್ಲಿ. ಒಂದು ಹೋಟೆಲಿನ ಪಾರ್ಟಿ ಹಾಲ್‌ನಲ್ಲಿ ಡೆಮೊ ಇಟ್ಟಿದ್ದರು. ಊಟ ಚೆನ್ನಾಗಿತ್ತು. ಹೋಳಿಗೆ ತಿಂದ ಮೇಲೆ ಮೂರು ಕಂಪ್ಯೂಟರಿನ ಲೈಸೆನ್ಸಿಗೆ 18 ಸಾವಿರದ ಆಸುಪಾಸು ಚೆಕ್ ಬರೆದುಕೊಟ್ಟೆ. ಜೂನ್ ಪೂರ್ತಿ ಚೆನ್ನಾಗಿಯೇ ಓಡಿತು. ಜುಲೈ 27ಕ್ಕೋ 28ಕ್ಕೋ ಮುಖ್ಯ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟಿತು. ಎಸ್‌ಪಿ ರೋಡಿಗೆ ಓಡಿ ಸಂಜೆಯೊಳಗೆ ಹೊಸ ಬೋರ್ಡ್ ಹಾಕಿಸಿದೆ. ಆದರೆ ಲೈಸೆನ್ಸನ್ನು ಹಳೇ ಬೋರ್ಡಿಗೆ ಕಟ್ಟಿಹಾಕಿದ್ದರು. ಹೊಸ ಕೀ ಬೇಕು ಅಂತ ಫೋನ್ ಮಾಡಿದರೆ ಬರೀ ಮ್ಯೂಸಿಕ್. ಬ್ಯಾಕಪ್ ಇತ್ತು, ಅದನ್ನು ತೆರೆಯಲೂ ಅದೇ ಸಾಫ್ಟ್‌ವೇರ್ ಬೇಕು. ಆ ವರ್ಷ ಜುಲೈ 31ರ ಗಡುವನ್ನು ಮುಂದಕ್ಕೆ ಹಾಕಲಿಲ್ಲ ಅನ್ನುವುದು ನಿಮಗೆಲ್ಲ ನೆನಪಿರುತ್ತದೆ. ನಾಲ್ಕು ಜನರ ರಿಟರ್ನ್ ಉಳಿದುಹೋಯಿತು. ಇಬ್ಬರದು 5,000, ಇನ್ನಿಬ್ಬರ ಆದಾಯ ಐದು ಲಕ್ಷದೊಳಗೆ ಇದ್ದದ್ದರಿಂದ 1,000. ಒಟ್ಟು 12 ಸಾವಿರ ಲೇಟ್ ಫೀ ನನ್ನ ಜೇಬಿನಿಂದ ಹೋಯಿತು.

ಮುಂದಿನ ವರ್ಷ ಸಿಟ್ಟಿನಲ್ಲಿ ಆನ್‌ಲೈನಿಗೆ ಹೋದೆ. ಸಂಬಳ, ತೆರಿಗೆಯ ವಿವರ ಬರೆದು ಕಂಪನಿ ಕೊಡುವ ಫಾರ್ಮ್ 16 ಎಳೆದು ಬಿಟ್ಟರೆ ಸಾಕು, ಅದೇ ಓದಿಕೊಂಡು ತುಂಬಿಸುತ್ತದೆ. ಎಷ್ಟು ಚೆಂದ ಅಲ್ವಾ? ಒಬ್ಬ ಹುಡುಗ ವರ್ಷದ ನಡುವೆ ಕೆಲಸ ಬದಲಾಯಿಸಿದ್ದ, ಎರಡು ಫಾರ್ಮ್ 16 ಇದ್ದವು. ಎರಡನೆಯದನ್ನು ಹಾಕಿದ ಕೂಡಲೇ ಅದು ಮೊದಲನೆಯದನ್ನು ಸದ್ದಿಲ್ಲದೆ ಅಳಿಸಿತು. ಸಂಬಳದಲ್ಲಿ ಮೊದಲೇ ಹಿಡಿದುಕೊಂಡ ತೆರಿಗೆ, ಅಂದರೆ ಟಿಡಿಎಸ್, ಮಾತ್ರ ಇಲಾಖೆಯ 26ಎಎಸ್ ಪಟ್ಟಿಯಿಂದ ಎರಡೂ ಕಂಪನಿಯದು ಬಂತು. ಸಂಬಳ ಅರ್ಧ, ಟಿಡಿಎಸ್ ಪೂರ್ತಿ! ರೀಫಂಡ್ 68 ಸಾವಿರ ಚಿಲ್ಲರೆ ಅಂತ ತೋರಿಸಿತು. ಹುಡುಗ ಖುಷಿಯಾಗಿ ಮೈಸೂರ್‌ಪಾಕ್ ತಂದುಕೊಟ್ಟ. ನಾಲ್ಕು ತಿಂಗಳಿಗೆ, ಲೆಕ್ಕ ತಾಳೆಯಾಗುತ್ತಿಲ್ಲ ಅಂತ ಇಲಾಖೆಯ 143(1)(ಎ) ನೋಟಿಸ್ ಬಂತು. ಮೈಸೂರ್‌ಪಾಕ್ ಆಗಲೇ ಖಾಲಿಯಾಗಿತ್ತು. ತಪ್ಪು ನನ್ನದೇ, ಅಪ್‌ಲೋಡ್ ಮಾಡುವ ಮೊದಲು ಒಟ್ಟು ಸಂಬಳ ಕೂಡಿ ನೋಡಬೇಕಿತ್ತು. ಆದರೆ ಜುಲೈ ರಾತ್ರಿ ಹನ್ನೊಂದಕ್ಕೆ ಯಾರು ಕೂಡುತ್ತಾರೆ?

ಅದೇ ಸಾಫ್ಟ್‌ವೇರಿನ ಎಚ್ಆರ್‌ಎ (ಮನೆ ಬಾಡಿಗೆ ಭತ್ಯೆ) ಲೆಕ್ಕ ಇನ್ನೂ ಮಜಾ. ಊರು ಬೆಂಗಳೂರು ಅಂತ ಕೊಟ್ಟರೆ ತಾನೇ "ಮೆಟ್ರೊ" ಅಂತ ಟಿಕ್ ಹಾಕಿಕೊಳ್ಳುತ್ತಿತ್ತು. ನಮ್ಮ ರೈಲು ಮೆಟ್ರೊ ಇರಬಹುದು, ಆ ವರ್ಷದ ಎಚ್ಆರ್‌ಎ ನಿಯಮದಲ್ಲಿ ಬೆಂಗಳೂರು ಮೆಟ್ರೊ ಅಲ್ಲ. ಬೇಸಿಕ್ ಸಂಬಳದ 50 ಪರ್ಸೆಂಟ್‌ವರೆಗೆ ವಿನಾಯಿತಿ ಇದ್ದದ್ದು ಮುಂಬೈ, ದೆಹಲಿ, ಕೋಲ್ಕತ್ತಾ, ಚೆನ್ನೈಗೆ ಮಾತ್ರ, ನಮಗೆ 40. ತಿಂಗಳಿಗೆ ಬೇಸಿಕ್ 50 ಸಾವಿರ, ಎಚ್ಆರ್‌ಎ 25, ಬಾಡಿಗೆ 30 ಅಂತ ಇಟ್ಟುಕೊಳ್ಳಿ. ಸರಿಯಾದ ವಿನಾಯಿತಿ 20 ಸಾವಿರ, ಅದು ಕೊಡುತ್ತಿದ್ದುದು 25. ವರ್ಷಕ್ಕೆ 60 ಸಾವಿರ ವ್ಯತ್ಯಾಸ. 20 ಪರ್ಸೆಂಟ್ ಸ್ಲ್ಯಾಬಿನವರಿಗೆ ಸೆಸ್ ಸೇರಿ 12,480 ರೂಪಾಯಿ ತೆರಿಗೆ ಕಮ್ಮಿ. ಈ ತರದ ಏಳೆಂಟು ಫೈಲು ನನಗೆ ಸಿಕ್ಕವು, ಎಲ್ಲವನ್ನೂ ಡಿಸೆಂಬರ್ 31ರೊಳಗೆ ರಿವೈಸ್ ಮಾಡಿದೆ. ಫೀಸ್ ಇಲ್ಲದ ಕೆಲಸ.

ಆ ಚಳಿಗಾಲ, ಅಂದರೆ 2023ರ ಡಿಸೆಂಬರ್‌ನಿಂದ ಜನವರಿವರೆಗೆ, ಕೆಲಸ ತೆಳುವಾಗಿದ್ದಾಗ ಸಾಫ್ಟ್‌ವೇರುಗಳನ್ನು ನಾನೇ ಪರೀಕ್ಷೆ ಮಾಡಲು ಶುರು ಮಾಡಿದೆ. ಡೆಮೊ ನೋಡುವುದು ಬಿಟ್ಟೆ. ರಿಟರ್ನ್ ಪರಿಶೀಲಿಸುವ ಇಲಾಖೆಯ ಕೇಂದ್ರ ಸಿಪಿಸಿಯಿಂದ ಇಂಟಿಮೇಷನ್ ಪತ್ರ ಬಂದು, ಲೆಕ್ಕ ಸರಿ ಅಂತ ಮುಗಿದುಹೋದ ಹಳೇ ಫೈಲುಗಳನ್ನು ಆರಿಸಿಕೊಂಡೆ. ಉತ್ತರ ಮೊದಲೇ ಗೊತ್ತಿರುವ ಲೆಕ್ಕ. ಅದನ್ನೇ ಮೂರು ಕಡೆ ಹಾಕಿ ನೋಡುವುದು: ಇಲಾಖೆಯ ಆಫ್‌ಲೈನ್ ಯುಟಿಲಿಟಿ, ಗೆಳೆಯರೊಬ್ಬರಿಂದ ಟ್ರಯಲ್ ಪಡೆದ ಒಂದು ಡೆಸ್ಕ್‌ಟಾಪ್ ಸಾಫ್ಟ್‌ವೇರ್, ಮತ್ತು ನನ್ನ ಮೇಲೆ ಮೈಸೂರ್‌ಪಾಕಿನ ಸಾಲ ಇದ್ದ ಆ ಆನ್‌ಲೈನ್.

ಮೊದಲು ನಾಲ್ಕು ಫೈಲು. ಎರಡು ಫಾರ್ಮ್ 16 ಇರುವವನದು, ಎಚ್ಆರ್‌ಎ ಇರುವ ಒಬ್ಬ ಟೀಚರಮ್ಮನದು, ಒಂದು ಬೇಕರಿ, ಮತ್ತು ಎರಡು ಗೂಡ್ಸ್ ಗಾಡಿ ಇಟ್ಟಿರುವವರದು.

ಬೇಕರಿಯ ಲೆಕ್ಕ ಸಲೀಸು. ಕ್ಯಾಶ್ ಸುಮಾರು 16 ಲಕ್ಷ, ಯುಪಿಐ 21 ಲಕ್ಷ. ಸಣ್ಣ ವ್ಯಾಪಾರದ ಲಾಭವನ್ನು ಅಂದಾಜಿನಲ್ಲಿ ಹಿಡಿಯುವ 44ಎಡಿ ಸೆಕ್ಷನ್ನಿನಲ್ಲಿ ಆಗ ಕ್ಯಾಶಿಗೆ 8 ಪರ್ಸೆಂಟ್, ಬ್ಯಾಂಕಿನ ಮೂಲಕ ಬಂದದ್ದಕ್ಕೆ 6. ಒಟ್ಟು 2,54,000 ಬರಬೇಕು. ಆನ್‌ಲೈನ್ ಅಣ್ಣ "ಟರ್ನೋವರ್ ಎಷ್ಟು" ಅಂತ ಒಂದೇ ಪ್ರಶ್ನೆ ಕೇಳಿ ಎಲ್ಲಕ್ಕೂ 8 ಹಾಕಿದ, 2,96,000. ಬೇಕರಿಯವರ ಲಾಭ 42 ಸಾವಿರ ಜಾಸ್ತಿಯಾಯಿತು, ಒಂದು ಬನ್ನೂ ಜಾಸ್ತಿ ಮಾರದೆ. ಬೇರೆ ಬೇರೆ ಕೊಡುವ ಜಾಗ ಇತ್ತು, ಆದರೆ "ಅಡ್ವಾನ್ಸ್ಡ್" ಅನ್ನುವುದರ ಒಳಗೆ ಅಡಗಿತ್ತು.

ಗಾಡಿಯವರ ಫೈಲು ನನ್ನ ಅಚ್ಚುಮೆಚ್ಚು. ಗೂಡ್ಸ್ ಗಾಡಿಯವರ ಅಂದಾಜು ಲಾಭದ ಸೆಕ್ಷನ್ 44ಎಇಯಲ್ಲಿ ಆಗ ಸಣ್ಣ ಗಾಡಿಗೆ ತಿಂಗಳಿಗೆ 7,500, ತಿಂಗಳ ಒಂದು ಭಾಗ ಇದ್ದರೂ ಪೂರ್ತಿ ತಿಂಗಳು. ಒಂದು ಗಾಡಿ ವರ್ಷ ಪೂರ್ತಿ ಇತ್ತು, ಇನ್ನೊಂದನ್ನು ಅಕ್ಟೋಬರ್ 28ಕ್ಕೆ ತಂದಿದ್ದರು. 12 ತಿಂಗಳು ಮತ್ತು 6 ತಿಂಗಳು, 1,35,000. ಡೆಸ್ಕ್‌ಟಾಪ್ ಸಾಫ್ಟ್‌ವೇರ್ 5 ತಿಂಗಳು ಅಂತ ಎಣಿಸಿತು. ಉಳಿದದ್ದೆಲ್ಲ ರೂಪಾಯಿ ರೂಪಾಯಿ ತಾಳೆಯಾದ ಒಳ್ಳೇ ಸಾಫ್ಟ್‌ವೇರ್ ಅದು, ಇಲ್ಲಿ ಎಡವಿತು. ಅವರಿಗೆ ಹೇಳಿದೆ, ಮುಂದಿನ ಅಪ್‌ಡೇಟಿನಲ್ಲಿ ಸರಿ ಮಾಡಿದರು. ಅದಕ್ಕೇ ಅವರ ಮೇಲೆ ಗೌರವ.

ಬರೀ ಕೊನೇ ಮೊತ್ತ ತಾಳೆಯಾದರೆ ಸಾಲದು. ಬೇಕಂತಲೇ ತಪ್ಪು ಹಾಕಿಯೂ ನೋಡಿದೆ. 26ಎಎಸ್‌ನಲ್ಲಿ ಇರುವುದಕ್ಕಿಂತ ಜಾಸ್ತಿ ಟಿಡಿಎಸ್, ತಪ್ಪು ಐಎಫ್‌ಎಸ್‌ಸಿ, ಒಂದು ಬ್ಯಾಂಕಿನ ಬಡ್ಡಿ ಬಿಟ್ಟುಬಿಡುವುದು. ಯಾವುದು ಕಿರುಚುತ್ತದೆ, ಯಾವುದು ಸುಮ್ನೆ ನುಂಗುತ್ತದೆ? ಆನ್‌ಲೈನ್ ಮೂರನ್ನೂ ನುಂಗಿತು, ಮೇಲೆ ಹಸಿರು ಟಿಕ್ ಬೇರೆ ಹಾಕಿತು. ಆ ಹಸಿರು ಟಿಕ್ ನೋಡಿದ ದಿನವೇ ಅದರ ಚಂದಾ ನಿಲ್ಲಿಸಿದೆ.

ಇಲಾಖೆಯ ಯುಟಿಲಿಟಿ ನಾಲ್ಕಕ್ಕೆ ನಾಲ್ಕೂ ಸರಿ. ಆದರೆ ನಿಧಾನ. ಬೇಕರಿ ಫೈಲಿಗೆ ಮೊದಲ ಸಲ 40 ನಿಮಿಷ ಹಿಡಿಯಿತು. ಗೆಳೆಯ ನಕ್ಕದ್ದು ಇದೇ ಲೆಕ್ಕ ಹಿಡಿದುಕೊಂಡು. 400 ಫೈಲಿಗೆ 40 ನಿಮಿಷ ಅಂದರೆ ದಿನಕ್ಕೆ ಎಂಟು ಗಂಟೆ ಕೂತರೂ ಒಂದು ತಿಂಗಳ ಮೇಲೆ.

ನಿಮಿಷ ಎಲ್ಲಿ ಹೋಗುತ್ತಿದೆ ಅಂತ ಫೋನಿನ ಸ್ಟಾಪ್‌ವಾಚ್ ಇಟ್ಟುಕೊಂಡು ನೋಡಿದೆ. ಟೈಪ್ ಮಾಡಲು ಅಲ್ಲ, ಹುಡುಕಲು ಹೋಗುತ್ತಿತ್ತು. ಕಾಗದ ತಿರುಗಿಸು, ಪಿಡಿಎಫ್ ತೆರೆ, ಪಾಸ್‌ವರ್ಡ್ ಹಾಕು, ವಾಪಸ್ ಬಾ. ಅದಕ್ಕೆ ಒಬ್ಬೊಬ್ಬರಿಗೆ ಒಂದು ಎಕ್ಸೆಲ್ ತರದ ಹಾಳೆ ಮಾಡಿದೆ. ಯುಟಿಲಿಟಿಯಲ್ಲಿ ಷೆಡ್ಯೂಲುಗಳು (ರಿಟರ್ನಿನ ಭಾಗಗಳು) ಯಾವ ಸಾಲಿನಲ್ಲಿ ಬರುತ್ತವೋ ಅದೇ ಸಾಲಿನಲ್ಲಿ. ಆಫೀಸಿನ ಹುಡುಗಿ ಮೊದಲು ಹಾಳೆ ತುಂಬುತ್ತಾಳೆ, ಹಾಳೆಯೇ ತೆರಿಗೆ ಲೆಕ್ಕ ಹಾಕುತ್ತದೆ. ಆಮೇಲೆ ನಾನು ಇಲಾಖೆ ಮೊದಲೇ ತುಂಬಿಟ್ಟ ಪ್ರೀಫಿಲ್ ಜೇಸನ್ ಫೈಲು ಎಳೆದುಕೊಂಡು ವ್ಯತ್ಯಾಸ ಇರುವುದನ್ನು ಮಾತ್ರ ತಿದ್ದುತ್ತೇನೆ. ಹಾಳೆಯ ತೆರಿಗೆಗೂ ಯುಟಿಲಿಟಿಯ ತೆರಿಗೆಗೂ ಹತ್ತು ರೂಪಾಯಿಗಿಂತ ಜಾಸ್ತಿ ಅಂತರ ಇದ್ದರೆ ಆ ಫೈಲು ಪಕ್ಕಕ್ಕೆ. ಬೇಕರಿ ಫೈಲು ಈಗ 12 ನಿಮಿಷ, ಸಂಬಳದವರ ಸರಳ ಫಾರ್ಮ್ ಐಟಿಆರ್-1 ಏಳೆಂಟು. ಒಳ್ಳೇ ದಿನ ಇಬ್ಬರೂ ಸೇರಿ 22 ಹಾಕಿದ್ದೇವೆ.

ದುಡ್ಡು ಉಳಿಸಲು ಆ ಹಾಳೆಯನ್ನು ಪುಕ್ಕಟೆ ಸಿಗುವ ಲಿಬ್ರೆ ಆಫೀಸಿನಲ್ಲಿ ಮಾಡಿದ್ದೆ. ಹಾಳೆ ಚೆನ್ನಾಗಿ ಓಡಿತು. ಹಾಗಾದರೆ ಇಲಾಖೆಯ ಎಕ್ಸೆಲ್ ಯುಟಿಲಿಟಿಯೂ ಇದರಲ್ಲೇ ಓಡಲಿ ಅಂತ ಒಂದು ಭಾನುವಾರ ಪೂರ್ತಿ ಒದ್ದಾಡಿದೆ. ಅದರ ಮ್ಯಾಕ್ರೊಗಳಿಗೆ ಮೈಕ್ರೊಸಾಫ್ಟ್ ಎಕ್ಸೆಲ್ಲೇ ಬೇಕು. ಭಾನುವಾರವೂ ಹೋಯಿತು, ಮಾವನ ಮನೆಯ ಹಬ್ಬದೂಟವೂ ಹೋಯಿತು.

ಇನ್ನೊಂದು ಪ್ರಯೋಗ ಗೆದ್ದಿತು. ಏನೇನು ಕಾಗದ ಬೇಕು ಅಂತ ಇಂಗ್ಲಿಷ್ ಪಟ್ಟಿ ಕಳಿಸುವುದು ಬಿಟ್ಟು ಕನ್ನಡದಲ್ಲಿ ಒಂದೂವರೆ ನಿಮಿಷದ ವಾಯ್ಸ್ ಮೆಸೇಜ್ ಮಾಡಿ ಕಳಿಸಿದೆ. "ಬ್ಯಾಂಕ್ ಪಾಸ್‌ಬುಕ್ ಅಂದ್ರೆ ಎಲ್ಲಾ ಬ್ಯಾಂಕಿಂದು, ಹೆಂಡ್ತೀಗೆ ಹೇಳ್ದೆ ಇರೋ ಎಫ್‌ಡಿ ಇದ್ರೆ ಅದೂ" ಅಂತ. ನಕ್ಕುಬಿಟ್ಟರು, ಕಾಗದವೂ ತಂದರು. ಮೂರು ಜನ ನಿಜವಾಗಿಯೂ ಅಂಥ ಎಫ್‌ಡಿ ತಂದರು. ಬ್ಯಾಂಕು, ಕಂಪನಿಗಳಿಂದ ಇಲಾಖೆ ಕಲೆಹಾಕುವ ಎಐಎಸ್ ಪಟ್ಟಿಯಲ್ಲಿ ಹೇಗೂ ಕಾಣುತ್ತಿತ್ತು ಅನ್ನಿ.

ಷೇರಿನ ಫೈಲು ಐದನೆಯದು, 2025ರ ಜುಲೈನಲ್ಲಿ ಸೇರಿಸಿದೆ. 2024ರ ಜುಲೈ 23ರ ಮೊದಲು ಮಾರಿದ್ದರೆ ಶಾರ್ಟ್ ಟರ್ಮ್ (ಕೊಂಡ ವರ್ಷದೊಳಗೆ ಮಾರಿದ) ಲಾಭಕ್ಕೆ 15 ಪರ್ಸೆಂಟ್ ತೆರಿಗೆ, ಆಮೇಲೆ 20. ಹೊಸ ನಿಯಮಕ್ಕೆ ಹಳೇ ಇಂಟಿಮೇಷನ್ ಎಲ್ಲಿಂದ ತರುವುದು? ಕೈಯಲ್ಲೇ ಲೆಕ್ಕ ಹಾಕಿ ಇಬ್ಬರ ಹತ್ತಿರ ತಿದ್ದಿಸಿದೆ. ಮೊದಲು 40 ಸಾವಿರ, ಆಮೇಲೆ 60 ಸಾವಿರ ಲಾಭಕ್ಕೆ 6,000 ಮತ್ತು 12,000, ಒಟ್ಟು 18 ಸಾವಿರ. ಯುಟಿಲಿಟಿ ಸರಿ. ಡೆಸ್ಕ್‌ಟಾಪ್ ಕೂಡ ಸರಿ. ಈ ಫೈಲು ಬೇಕೇ ಬೇಕು ಅಂತ ಅನ್ನಿಸಲು ಕಾರಣ 87ಎ ಗಲಾಟೆ, ಅಂದರೆ ಕಮ್ಮಿ ಆದಾಯದವರಿಗೆ ತೆರಿಗೆ ಬಿಟ್ಟುಕೊಡುವ ರಿಬೇಟಿನದು. 2024ರ ಜುಲೈ 5ರಂದು ಯುಟಿಲಿಟಿ ಬದಲಾದ ಮೇಲೆ ಷೇರಿನ ಶಾರ್ಟ್ ಟರ್ಮ್ ಲಾಭಕ್ಕೆ ಹೊಸ ತೆರಿಗೆ ಪದ್ಧತಿಯ ರಿಬೇಟ್ ಸಿಗದಾಯಿತು. ವಿಷಯ ಬಾಂಬೆ ಹೈಕೋರ್ಟಿನವರೆಗೆ ಹೋಯಿತು. ಸರಿ ಯಾರು ಅನ್ನುವುದು ಬೇರೆ ಮಾತು. ಒಂದೇ ಫೈಲಿಗೆ ಜುಲೈ 4ಕ್ಕೆ ಒಂದು ಉತ್ತರ, 6ಕ್ಕೆ ಇನ್ನೊಂದು ಉತ್ತರ ಬಂದರೆ ನಮಗೆ ಮೊದಲು ಗೊತ್ತಾಗಬೇಕು. ಈಗ ಪ್ರತಿ ಅಪ್‌ಡೇಟ್ ಬಂದ ದಿನ ಐದೂ ಫೈಲನ್ನು ಮತ್ತೆ ಓಡಿಸುತ್ತೇನೆ.

ನನ್ನ ಪದ್ಧತಿಯೂ ಒಮ್ಮೆ ಮಕಾಡೆ ಮಲಗಿದೆ. 2024ರಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ. ಬಿಸಿನೆಸ್ ಇರುವವರು ಹಳೇ ತೆರಿಗೆ ಪದ್ಧತಿಗೆ ಹೋಗಬೇಕಾದರೆ ಗಡುವಿನೊಳಗೆ 10-ಐಇಎ ಅನ್ನುವ ಫಾರ್ಮ್ ಹಾಕಬೇಕಿತ್ತು. ಯುಟಿಲಿಟಿ ಅದರ ನಂಬರ್ ಕೇಳಿದಾಗ ನೆನಪಾಯಿತು. ಜುಲೈ 31, ರಾತ್ರಿ ಒಂಬತ್ತು. ಒಟಿಪಿ ಬೇಕು. ಯಜಮಾನರು ಧರ್ಮಸ್ಥಳದಲ್ಲಿ, ಫೋನ್ ಆಫ್. ಹೊಸ ಪದ್ಧತಿಯಲ್ಲೇ ಹಾಕಬೇಕಾಯಿತು, 9 ಸಾವಿರದಷ್ಟು ತೆರಿಗೆ ಜಾಸ್ತಿ ಬಿತ್ತು. ಅರ್ಧ ನಾನು ಕೊಟ್ಟೆ. "ಹೋಗ್ಲಿ ಬಿಡಿ ಸ್ವಾಮಿ, ಮಂಜುನಾಥ ನೋಡ್ಕೋತಾನೆ" ಅಂದರು. ಈಗ ಆ ಫಾರ್ಮ್ ನನ್ನ ಹಾಳೆಯ ಮೊದಲನೇ ಸಾಲು.

ಒಟಿಪಿ ಅಂದಾಗ ಹೇಳಬೇಕು. ಸಾಫ್ಟ್‌ವೇರ್ ಹೋಲಿಸುವವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅರ್ಧ ದಿನ ತಿನ್ನುವುದು ಇದೇ. ಬಸ್ಸಿನಲ್ಲಿ ಇರುತ್ತಾರೆ, ಮದುವೆ ಮನೆಯಲ್ಲಿ ಇರುತ್ತಾರೆ, ಆಧಾರಿಗೆ ಕೊಟ್ಟ ನಂಬರ್ ಮಗನದಾಗಿರುತ್ತದೆ. ಮೊದಲೆಲ್ಲ ಕಾಗದಕ್ಕೆ ಸಹಿ ಹಾಕಿಸಿ ಪೋಸ್ಟ್ ಮಾಡುತ್ತಿದ್ದೆವು. ಸಿಪಿಸಿ ಇರುವುದು ನಮ್ಮದೇ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಆದರೂ ಪೋಸ್ಟಿನಲ್ಲೇ ಹೋಗಬೇಕು. ಈಗ ನಾನು ಹಗಲೆಲ್ಲ ಅಪ್‌ಲೋಡ್ ಮಾತ್ರ ಮಾಡುತ್ತೇನೆ, ವೆರಿಫೈ ಮಾಡಲು 30 ದಿನ ಇದೆಯಲ್ಲ. ರಾತ್ರಿ ಎಂಟೂವರೆಯಿಂದ ಒಂಬತ್ತೂವರೆ ಒಟಿಪಿ ಟೈಮು. ಫೋನ್ ಮಾಡುವುದು ನನ್ನ ಹೆಂಡತಿ. ನಾನು ಮಾಡಿದರೆ ಎತ್ತದವರೂ ಅವಳು ಮಾಡಿದರೆ ಎತ್ತುತ್ತಾರೆ.

ದುಡ್ಡಿನ ಮಾತು. 2022ರಲ್ಲಿ ಸಾಫ್ಟ್‌ವೇರಿಗೆ, ಲೇಟ್ ಫೀಗೆ ಸೇರಿ 30 ಸಾವಿರ. 2023ರಲ್ಲಿ ಆನ್‌ಲೈನ್ ಪ್ಲಾನಿಗೆ 25ರ ಹತ್ತಿರ. ಈಗ ಒಂದೇ ಕಂಪ್ಯೂಟರಿಗೆ ಆ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಇಟ್ಟುಕೊಂಡಿದ್ದೇನೆ, 8 ಸಾವಿರ ಚಿಲ್ಲರೆ. ಅದು ಪೂರ್ತಿ ಲೆಕ್ಕಪತ್ರ ಇಡುವ ವ್ಯಾಪಾರಿಗಳ ಫಾರ್ಮ್ ಐಟಿಆರ್-3ಕ್ಕೆ ಮಾತ್ರ. ಟ್ಯಾಲಿಯಿಂದ ಬ್ಯಾಲೆನ್ಸ್ ಶೀಟ್ ಎಳೆದು ತುಂಬುವುದನ್ನು ಕೈಯಲ್ಲಿ ಮಾಡಲು ನನಗೂ ಹುಚ್ಚಿಲ್ಲ. ನೋಟಿಸ್ ಮೊದಲು ವರ್ಷಕ್ಕೆ ಇಪ್ಪತ್ತೈದು ಮೂವತ್ತು ಬರುತ್ತಿತ್ತು, ಈ ಸಲ ಇಲ್ಲಿಯವರೆಗೆ ನಾಲ್ಕು. ಅದರಲ್ಲಿ ಎರಡು ಕಂಪನಿಯವರು ಟಿಡಿಎಸ್ ತಪ್ಪು ಹಾಕಿದ್ದು.

ಹಾಳೆಗೆ ನಿಜವಾದ ಬೆಲೆ ಬಂದದ್ದು 2025ರ ಜುಲೈನಲ್ಲಿ. ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂದವಲ್ಲ, ಊರೆಲ್ಲ "ನೋ ಯುಪಿಐ, ಓನ್ಲಿ ಕ್ಯಾಶ್" ಅಂತ ಬೋರ್ಡ್ ಬಿದ್ದವು. ಕಾಂಡಿಮೆಂಟ್ಸಿನವರು, ಬೇಕರಿಯವರು ಫೋನ್ ಹಿಡಿದುಕೊಂಡು ಬಂದರು. ಸ್ಟೇಟ್‌ಮೆಂಟಿನಲ್ಲಿ 46 ಲಕ್ಷ ಇದ್ದರೆ ಎಲ್ಲವೂ ವ್ಯಾಪಾರ ಅಲ್ಲ. ಬಾಮೈದ ವಾಪಸ್ ಕೊಟ್ಟ ಸಾಲ ಇರುತ್ತದೆ, ಚೀಟಿ ದುಡ್ಡು ಇರುತ್ತದೆ, ಪಕ್ಕದಂಗಡಿಯವನಿಗೆ ಕ್ಯಾಶ್ ಕೊಟ್ಟು ಹಾಕಿಸಿಕೊಂಡದ್ದು ಇರುತ್ತದೆ. ನನ್ನ ಹಾಳೆಯಲ್ಲಿ ಒಂದು ಕಾಲಂ ಇದೆ, ಬ್ಯಾಂಕಿನ ವಿವರಣೆ ಓದಿ ಯಾವುದು ಮಾರಾಟ, ಯಾವುದು ಅಲ್ಲ ಅಂತ ಬೇರೆ ಮಾಡುತ್ತದೆ. ಹತ್ತಕ್ಕೆ ಒಂಬತ್ತು ಸರಿ ಇರುತ್ತದೆ, ಉಳಿದದ್ದಕ್ಕೆ ಅಂಗಡಿಯವರನ್ನು ಕೇಳಬೇಕು. ಆ ಫಾರ್ಮುಲಾ ಬರೆಯಲು ನನಗೆ ಎರಡು ತಿಂಗಳು ಹಿಡಿಯಿತು.

ಹೋದ ತಿಂಗಳು ಚಿಕ್ಕಪೇಟೆ ಗೆಳೆಯ ಫೋನ್ ಮಾಡಿದ್ದ. "ಏನಿಲ್ಲ ಮಾರಾಯ, ನಿನ್ನ ಆ ಎಕ್ಸೆಲ್ ಒಂದು ಕಳಿಸು, ಸುಮ್ನೆ ನೋಡ್ತೀನಿ." ಕಳಿಸಿದೆ. ಆ ಕಾಲಂ ಅಳಿಸಿ ಕಳಿಸಿದೆ.